ಆಂಡ್ರೋಸಿನ ಮೊಣಕಾಲುದ್ದ ನೀರಿನಲ್ಲಿ ಕಂಡದ್ದು

ನಿಂತ ಜಾಗ

೧೯೬೬ನೇ ಇಸವಿ ಮಾರ್ಚ್ ತಿಂಗಳ ಒಂದು ಬುಧವಾರ, ಬೆಳಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ನಾನು ಬಹಾಮಾ ದ್ವೀಪಗಳಲ್ಲಿ ಒಂದಾದ ಆಂಡ್ರೋಸಿನ ದಡದಿಂದ ಸುಮಾರು ಅರ್ಧ ಮೈಲಿ ಒಳಗೆ, ಸಮುದ್ರದಲ್ಲಿ ನಿಂತಿದ್ದೆ. ನೀರು ನನ್ನ ಮೊಣಕಾಲಿನ ಚಿಪ್ಪಿಗೆ ಎರಡು ಬೆರಳು ಕೆಳಗಿತ್ತು. ಹೊತ್ತನ್ನು ಇಷ್ಟು ಖಚಿತವಾಗಿ ಹೇಳುವುದಕ್ಕೆ ಕಾರಣವಿದೆ. ಗಡಿಯಾರಕ್ಕೆ ಉಪ್ಪುನೀರು ತಾಗೀತೆಂದು ಆಗತಾನೇ ಅದನ್ನು ಕೈಯಿಂದ ಬಿಚ್ಚಿ ಅಂಗಿಯ ಜೇಬಿಗೆ ಹಾಕಿದ್ದೆ, ಹಾಕುವಾಗ ನೋಡಿದ್ದೆ.

ನನ್ನ ಮುಖ ದಕ್ಷಿಣಕ್ಕಿತ್ತು. ಬಿಸಿಲು ಎಡಗಣ್ಣಿಗೆ ಹೊಡೆಯುತ್ತಿತ್ತು. ನನ್ನಿಂದ ಇಪ್ಪತ್ತು ಹೆಜ್ಜೆ ಮುಂದೆ, ನನಗೆ ಬೆನ್ನು ಮಾಡಿಕೊಂಡು, ನಮ್ಮನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದ ಟರ್ನರ್ ಎಂಬ ಅಮೆರಿಕದ ಮುದುಕರು ಗಾಳದ ಕೋಲು ಹಿಡಿದು ನಿಂತಿದ್ದರು. ಅವರ ಬಲಕ್ಕೆ, ದೋಣಿಯ ಪಕ್ಕದಲ್ಲಿ, ದೋಣಿ ನಡೆಸುವ ಎಜ್ರಾ ಇದ್ದರು. ಎಡಕ್ಕೆ, ಟರ್ನರ್ ಅವರಿಗಿಂತ ಮೂವತ್ತು ಹೆಜ್ಜೆ ಮುಂದೆ, ನಮ್ಮ ಅರಕಲಗೂಡು ತಾಲ್ಲೂಕಿನ ಮಲ್ಲಿಪಟ್ಟಣದ ನಂಜೇಗೌಡರು ಪ್ಯಾಂಟು ಕಳಚಿಟ್ಟು ಪಟ್ಟಾಪಟ್ಟಿ ಚಡ್ಡಿಯಲ್ಲಿ ನಿಂತಿದ್ದರು. ಅಷ್ಟು ದೂರಕ್ಕೆ ಬೇರೆ ಮನುಷ್ಯರು ಯಾರೂ ಇರಲಿಲ್ಲ.

ಟರ್ನರ್ ಅವರ ಗಾಳಕ್ಕೆ ಮೀನು ಸಿಕ್ಕಿ ಓಡುತ್ತಿತ್ತು. ಹುರಿ ಹೋಗಿ, ಗೌಡರ ಮುಂದೆ ನೀರಿನಿಂದ ಎದ್ದಿದ್ದ ಒಂದು ಗಿಡದ ಕಡ್ಡಿಗೆ ಸಿಕ್ಕಿಹಾಕಿಕೊಂಡಿತು. ಗೌಡರು ಬಗ್ಗಿದರು. ಅವರ ಬಲಗೈ ಕೆಳಗೆ ಹೋಯಿತು. ಹುರಿ ಬಿಡಿಸಿಕೊಂಡಿತು.

ಆ ಕೈ ಹಿಡಿದದ್ದು ಕಡ್ಡಿಯನ್ನೋ ಹುರಿಯನ್ನೋ? ನಾನು ಬರೆಯುತ್ತಿರುವುದು ಅದನ್ನು ಕುರಿತು. ಇಷ್ಟು ಸಣ್ಣದಕ್ಕೆ ಇಷ್ಟು ಪೀಠಿಕೆಯೇ ಎಂದು ಓದುವವರಿಗೆ ಅನ್ನಿಸಬಹುದು. ಆದರೆ ಒಂದು ಜೀವ ಉಳಿಯುವುದೂ, ಒಬ್ಬ ಮುದುಕರ ಇಪ್ಪತ್ತು ವರ್ಷದ ಆಸೆಯೂ ಆ ಹೊತ್ತು ಆ ಕೈಯ ಮೇಲೆ ನಿಂತಿದ್ದವು.

ಕರೆದವರು

ನನ್ನ ಹೆಸರು ಪದ್ಮರಾಜಯ್ಯ, ಊರು ಶ್ರವಣಬೆಳಗೊಳದ ಮಗ್ಗುಲಿನ ಜಿನನಾಥಪುರ. ಜೈನರ ಮನೆ. ಆಗ ಹಾಸನದಲ್ಲಿ ತೂಕ ಮತ್ತು ಅಳತೆಯ ಇನ್ಸ್‌ಪೆಕ್ಟರಾಗಿದ್ದೆ. ಸೇರು ಪಾವು ಹೋಗಿ ಕಿಲೋ ಲೀಟರು ಬಂದ ಕಾಲ. ಹೊಳೆನರಸೀಪುರದ ಸಂತೆಯಲ್ಲಿ, ಚನ್ನರಾಯಪಟ್ಟಣದ ಮಂಡಿಗಳಲ್ಲಿ ತಕ್ಕಡಿಯ ತಟ್ಟೆಯನ್ನು ಬೋರಲು ಹಾಕಿ, ಅಡಿಯಲ್ಲಿ ಹುಣಸೆಹಣ್ಣು ಮೆತ್ತಿದ್ದಾರೆಯೇ ಎಂದು ಉಗುರಿನಿಂದ ಕೆರೆದು ನೋಡುವುದು ನನ್ನ ಕೆಲಸ. ಅನುಮಾನಪಡುವುದಕ್ಕೆಂದೇ ಸರ್ಕಾರ ನನಗೆ ಸಂಬಳ ಕೊಡುತ್ತಿತ್ತು. ಅದು ಕಚೇರಿಯಲ್ಲೇ ಉಳಿಯುತ್ತಿರಲಿಲ್ಲ. ಹಾಲಿನವಳು ಬಂದರೆ ನಾನು ಅವಳ ಅಳತೆಯ ಪಾವಿನ ತಳ ತಟ್ಟಿ ನೋಡುತ್ತಿದ್ದೆ; ನನ್ನ ಹೆಂಡತಿ ನಾಚಿ ಒಳಗೆ ಹೋಗಿಬಿಡುತ್ತಿದ್ದಳು.

ಸರ್ಕಾರ ಆರು ತಿಂಗಳ ತರಬೇತಿಗೆ ನನ್ನನ್ನು ಅಮೆರಿಕಕ್ಕೆ ಕಳಿಸಿತು. ಉತ್ತರದ ಒಂದು ಊರು, ಬೀದಿಯ ತುಂಬ ಹಿಮ. ಉಳಿದುಕೊಳ್ಳಲು ಕೋಣೆ ಕೊಟ್ಟವರು ಟರ್ನರ್. ತೂಕದ ಯಂತ್ರಗಳನ್ನು ಮಾರಿಕೊಂಡಿದ್ದು ನಿವೃತ್ತರಾದವರು. ಹೆಂಡತಿ ತೀರಿಕೊಂಡಿದ್ದರು, ಮಗಳು ಬೇರೆ ಊರಿನಲ್ಲಿದ್ದಳು. ಅವರು ಬಾಡಿಗೆ ತೆಗೆದುಕೊಳ್ಳುತ್ತಿರಲಿಲ್ಲ. ಇದು ನನಗೆ ಮೊದಲ ವಾರದಿಂದಲೇ ಅನುಮಾನ. ನಮ್ಮ ಕಡೆ ಗುರುತಿಲ್ಲದವನಿಗೆ ಯಾರಾದರೂ ಸುಮ್ಮಸುಮ್ಮನೆ ಮನೆ ಕೊಟ್ಟರೆ, ಆ ಮನೆಯ ಬಾವಿಯಲ್ಲಿ ಏನಿದೆ ಎಂದು ಕೇಳುತ್ತೇವೆ.

ನಂಜೇಗೌಡರು ಅದೇ ಚಳಿಗಾಲದಲ್ಲಿ ಅಲ್ಲಿಗೆ ಬಂದಿದ್ದರು. ರೈತರನ್ನು ದೇಶದಿಂದ ದೇಶಕ್ಕೆ ಕಳಿಸಿ ಬೇಸಾಯ ತೋರಿಸುವ ಒಂದು ಏರ್ಪಾಡಿನಲ್ಲಿ ಅವರನ್ನು ಪಕ್ಕದ ಆಲೂಗಡ್ಡೆ ಹೊಲದವರ ಮನೆಯಲ್ಲಿ ಇರಿಸಿದ್ದರು. ಎಸ್ಸೆಸ್ಸೆಲ್ಸಿ ಓದಿದವರಾದರೂ ಅಲ್ಲಿಯವರ ಇಂಗ್ಲಿಷು ಅವರ ಕಿವಿಗೆ ಹಿಡಿಯುತ್ತಿರಲಿಲ್ಲ. ಭಾನುವಾರ ಬಂದು ನನ್ನ ಕೋಣೆಯಲ್ಲಿ ಕೂತು ವಾರದ ಕನ್ನಡವನ್ನೆಲ್ಲ ಒಮ್ಮೆಗೇ ಆಡಿ ಹೋಗುವರು. ಎಲ್ಲಿ ಊಟಕ್ಕೆ ಕೂತರೂ ಕೈಯಲ್ಲೇ ತಿನ್ನುವರು. ಯಾರಾದರೂ ಫೋರ್ಕು ಮುಂದೆ ಸರಿಸಿದರೆ ಅದರಿಂದ ಬೆನ್ನು ಕೆರೆದುಕೊಳ್ಳುವಂತೆ ನಟಿಸಿ ನಗಿಸುವರು.

ಫೆಬ್ರವರಿಯಲ್ಲಿ ಟರ್ನರ್ ಹೇಳಿದರು: "ಪ್ರತಿ ಮಾರ್ಚಿನಲ್ಲಿ ನಾನು ಆಂಡ್ರೋಸಿಗೆ ಮೀನು ಹಿಡಿಯಲು ಹೋಗುತ್ತೇನೆ. ಈ ಸಲ ನೀವಿಬ್ಬರೂ ಬನ್ನಿ."

"ನಾನು ಜೈನ," ಎಂದೆ. "ತಿನ್ನುವುದಿಲ್ಲ, ಕೊಲ್ಲುವುದನ್ನು ನೋಡುವುದೂ ಇಲ್ಲ."

"ನಾನೂ ತಿನ್ನುವುದಿಲ್ಲ. ಹಿಡಿದು ಮತ್ತೆ ನೀರಿಗೇ ಬಿಟ್ಟುಬಿಡುತ್ತೇನೆ."

ಹಿಡಿಯುವುದು ಏಕೆ, ಬಿಡುವುದು ಏಕೆ? ಇದರಲ್ಲಿ ನನಗೆ ಕಾಣದ ಮೂರನೆಯದೇನೋ ಇರಬೇಕು ಎಂದುಕೊಂಡೆ. ಗೌಡರಿಗೆ ಹೇಳಿದರೆ ಅವರು ಗದ್ದಕ್ಕೆ ಕೈ ಹಚ್ಚಿದರು.

"ಇಡಿಯೋದು, ಬುಡೋದು. ನಮ್ಮೂರಲ್ಲಿ ಇಂಗ್ ಮಾಡಿ ಬರಿಗೈಲಿ ಮನೇಗ್ ಬಂದ್ರೆ, ನಮ್ ಎಂಗಸ್ರು ಎಲೆ ಆಕಿ ಬೂದಿ ಬಡುಸ್ತಾರೆ ಕಣ ಸಾ."

ಸೋಮವಾರ: ಆಳವಿಲ್ಲದ ಸಮುದ್ರ

ಸಮುದ್ರವೆಂದರೆ ಆಳ ಎಂದು ನಾನು ತಿಳಿದಿದ್ದೆ. ನಮ್ಮ ಕಡೆಯ ಕೆರೆಯೂ ಏರಿಯ ಬುಡದಲ್ಲಿ ಎರಡಾಳು ಇರುತ್ತದೆ. ಹೊಳೆನರಸೀಪುರದ ಹತ್ತಿರ ಹೇಮಾವತಿಯಲ್ಲಿ ಹರಿಗೋಲಿನಿಂದ ಇಳಿಯುವಾಗ ನೋಡಿಕೊಂಡು ಕಾಲಿಡಬೇಕು. ಇಲ್ಲಿ ಕಣ್ಣು ಹೋದಷ್ಟು ದೂರ ನೀರು, ಎಲ್ಲಿಯೂ ಮೊಣಕಾಲು ದಾಟುವುದಿಲ್ಲ. ತಳದ ಬಿಳಿ ಮರಳು ಕಾಣುತ್ತದೆ. ಅದರ ಮೇಲೆ ಮೋಡದ ನೆರಳು ನಡೆಯುವುದು ಕಾಣುತ್ತದೆ. ನನ್ನ ನೆರಳೂ ನನ್ನ ಪಕ್ಕದಲ್ಲೇ ನೀರಿನೊಳಗೆ ನಡೆದು ಬರುತ್ತಿತ್ತು. ಇದು ಎಲ್ಲೋ ಒಂದು ಕಡೆ ಒಮ್ಮೆಗೇ ಬಾಯಿ ತೆರೆಯುತ್ತದೆ ಎಂಬ ಅನುಮಾನದಲ್ಲಿ ನಾನು ದಿನವೆಲ್ಲ ದೋಣಿಗೆ ಹತ್ತಿರದಲ್ಲೇ ಇದ್ದೆ.

ಗೌಡರು ಇಳಿದವರೇ ಸೊಂಟಕ್ಕೆ ಕೈಕೊಟ್ಟು ಸುತ್ತ ನೋಡಿದರು. "ಸಮುದ್ರ ಅಂದ್ರಿ. ಇದು ಗದ್ದೆ ಬಯ್ಲು ಇದ್ದಂಗದೆ. ಒಂದ್ಕಿತ ಉತ್ತು ನಾಟಿ ಆಕ್ಬುಡ್ಬೋದು."

ಎಜ್ರಾ ಐವತ್ತರ ಆಸುಪಾಸಿನವರು. ಮಾತು ಕಡಿಮೆ. ಉದ್ದನೆಯ ಗಳ ಊರಿ, ಸದ್ದಿಲ್ಲದೆ ದೋಣಿ ನಡೆಸುವರು. ಅವರು ನಮಗೆ ಮೊದಲು ಕಲಿಸಿದ್ದು ನಡೆಯುವುದನ್ನು. ಕಾಲೆತ್ತಿ ಇಡಬಾರದು, ಮರಳಿನ ಮೇಲೆ ಎಳೆಯುತ್ತ ಹೋಗಬೇಕು. ಮರಳಿನಲ್ಲಿ ಮುಳ್ಳುಬಾಲದ ಚಪ್ಪಟೆ ಮೀನುಗಳು ಮಲಗಿರುತ್ತವೆ. ಕಾಲೆಳೆದರೆ ಅವು ತಾವಾಗಿ ಎದ್ದು ಹೋಗುತ್ತವೆ, ಮೆಟ್ಟಿದರೆ ಚುಚ್ಚುತ್ತವೆ. ಆ ದಿನ ನನಗೆ ಹಿಡಿಸಿದ್ದು ಇದೊಂದೇ. ನಮ್ಮ ಮುನಿಗಳು ನವಿಲುಗರಿಯ ಪಿಂಛಿಯಿಂದ ನೆಲ ಸವರಿ, ಇರುವೆಗೆ ದಾರಿ ಬಿಡಿಸಿ ಆಮೇಲೆ ಕೂರುತ್ತಾರೆ.

ಅದೇ ಹೊತ್ತಿಗೆ ಟರ್ನರ್ ತಮ್ಮ ತಗಡಿನ ಪೆಟ್ಟಿಗೆ ತೆರೆದು ತೋರಿಸಿದರು. ಹುಳುವಿನ ಬದಲು ಅವರು ಗಾಳಕ್ಕೆ ಕೂದಲು, ಗರಿ, ನೂಲು ಸುತ್ತಿ ಸೀಗಡಿಯ ಹಾಗೆ ಕಾಣುವಂತೆ ಮಾಡುತ್ತಾರೆ. ಅದನ್ನು ಫ್ಲೈ ಎನ್ನುತ್ತಾರೆ. ಅದಕ್ಕೆ ಭಾರವಿಲ್ಲ, ಆದ್ದರಿಂದ ಹುರಿಯನ್ನೇ ದಪ್ಪ ಮಾಡಿ, ಅದನ್ನು ತಲೆಯ ಮೇಲೆ ಹಿಂದಕ್ಕೂ ಮುಂದಕ್ಕೂ ಬೀಸಿ ಎಸೆಯಬೇಕು. ದಪ್ಪ ಹುರಿಯ ಹಿಂದೆ, ಮೀನು ದೂರ ಓಡಿದರೆ ಬೇಕಾಗುತ್ತದೆಂದು, ಕೋಲಿನ ಬುಡದ ರೀಲಿನಲ್ಲಿ ತೆಳ್ಳನೆಯ ಹುರಿ ನೂರಾರು ಗಜ ಸುತ್ತಿರುತ್ತದೆ. ಪೆಟ್ಟಿಗೆಯ ಮೂಲೆಯ ನಾಲ್ಕು ಗಾಳಗಳಲ್ಲಿ ಹಸುರು ಹೊಳೆಯುವ ಎಳೆಗಳನ್ನು ಕಂಡೆ.

"ಇದು ಏನು?"

"ನವಿಲುಗರಿ," ಎಂದರು. "ನಿಮ್ಮ ದೇಶದ್ದೇ ಇರಬೇಕು."

ನಾನು ಪೆಟ್ಟಿಗೆಯನ್ನು ವಾಪಸು ಕೊಟ್ಟೆ. ಕೈಯನ್ನು ಸಮುದ್ರದಲ್ಲಿ ತೊಳೆದುಕೊಂಡೆ.

ಆ ದಿನ ಅವರು ಎರಡು ಮೀನು ಹಿಡಿದರು. ಮೈಯೆಲ್ಲ ಕನ್ನಡಿಯಂಥ ಮೀನು. ತಿನ್ನಲು ಮರಳು ಕೆದಕುವಾಗ ತಲೆ ಕೆಳಗಾಗಿ ಬಾಲ ನೀರಿನಿಂದ ಮೇಲೆ ಮಿನುಗುತ್ತದೆ. ಹಿಡಿದ ಎರಡನ್ನೂ ಅವರು ಅಂಗೈಯಲ್ಲಿ ಮೆಲ್ಲಗೆ ಹಿಂದೆ ಮುಂದೆ ಆಡಿಸಿ, ಉಸಿರು ಬಂದಮೇಲೆ ಬಿಟ್ಟರು. ಬಿಟ್ಟದ್ದನ್ನು ಎಜ್ರಾ ಆಮೇಲೆ ಬಂದು ಬಲೆಯಿಂದ ಹಿಡಿಯುತ್ತಾರೋ ಏನೋ ಎಂದು ನಾನು ಸಂಜೆಯವರೆಗೂ ಆ ದಿಕ್ಕಿಗೆ ಕಣ್ಣಿಟ್ಟಿದ್ದೆ. ಯಾರೂ ಬರಲಿಲ್ಲ.

"ನೀವು ಸ್ವರ್ಗಕ್ ಓದ್ರೂ ಬಾಗ್ಲಲ್ ನಿಂತ್ಕಂಡು, ತಕ್ಕಡಿ ಎಲ್ಲದೆ ಅಂತೀರಿ," ಎಂದರು ಗೌಡರು.

ಮಂಗಳವಾರ: ಸಹಿ ಬೇಕಾದವರು

ನಾವು ಇಳಿದುಕೊಂಡಿದ್ದು ಒಬ್ಬ ವಿಧವೆ ನಡೆಸುವ ಮರದ ಮನೆ. ಅಲ್ಲಿಯ ದಿನದ ಊಟ ಅನ್ನ ಮತ್ತು ತೊಗರಿಕಾಳು. ಹೌದು, ನಮ್ಮದೇ ತೊಗರಿ. ಗೌಡರಿಗೆ ಕಣ್ಣಲ್ಲಿ ನೀರು ಬಂತು. ನನಗೆ ಮಾತ್ರ ಪಾತ್ರೆಯಲ್ಲಿ ಹಂದಿಯ ತುಂಡು ಇದ್ದೀತೆಂಬ ಅನುಮಾನ. ಇತ್ತು ಕೂಡ. ಆ ತಾಯಿ ಬೇಸರಿಸದೆ ನನಗೆಂದು ಬೇರೆ ಪಾತ್ರೆ ಇಟ್ಟರು. ನಾನು ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲವೆಂದು ಎಲ್ಲರ ಊಟವನ್ನೂ ಐದು ಗಂಟೆಗೇ ತಂದರು. ಆದರೂ ನಾನು ಮುಚ್ಚಳ ಎತ್ತಿ ಸೌಟಿನಿಂದ ತಳ ಕೆದಕಿ ನೋಡಿಯೇ ಬಡಿಸಿಕೊಂಡೆ. ಅವರು ನೋಡುತ್ತಿದ್ದರು.

ಮಂಗಳವಾರ ಮಧ್ಯಾಹ್ನ ಟರ್ನರ್ ಒಂದು ಬಾಲ ಕಂಡಿದ್ದರು. ಅಂಥ ಬಾಲವನ್ನು ಇಪ್ಪತ್ತು ವರ್ಷದಲ್ಲಿ ಕಂಡಿಲ್ಲವೆಂದರು. ಎಸೆದ ಗಾಳ ತಪ್ಪಿತು. ಅವರ ಕೈ ನಡುಗಿತ್ತು. ಕೈ ನಡುಗುವುದು ಒಂದೆರಡು ವರ್ಷದಿಂದ ಇತ್ತಂತೆ. ಬರುವ ಮಾರ್ಚಿಗೆ ಕೋಲು ಹಿಡಿಯುವ ಮಾತು ಬೇಡವೆಂದು ಡಾಕ್ಟರು ಹೇಳಿದ್ದರಂತೆ. ಜಗಲಿಯಲ್ಲಿ ಕೂತು ಅವರು ಇದನ್ನೆಲ್ಲ ಬಿಸಿಲು ಮಳೆಯ ಮಾತಾಡುವಂತೆ ಹೇಳಿದರು.

ಅವರ ಊರಿನಲ್ಲಿ ಇಂಥ ಮೀನು ಹಿಡಿಯುವವರ ಒಂದು ಸಣ್ಣ ಸಂಘ. ಸಂಘಕ್ಕೊಂದು ಪುಸ್ತಕ. ಯಾವ ಮೀನಿನಲ್ಲಿ ಅತಿ ದೊಡ್ಡದನ್ನು ಯಾರು ಹಿಡಿದರೋ ಅವರ ಹೆಸರು ಅದರಲ್ಲಿ ಬರೆಯುತ್ತಾರೆ. ಒಮ್ಮೆ ತಮ್ಮ ಹೆಸರೂ ಅಲ್ಲಿ ಬರಬೇಕೆಂಬುದು ಅವರ ಆಸೆ. ಆದರೆ ಪುಸ್ತಕಕ್ಕೆ ಸೇರಬೇಕಾದರೆ ಮೀನನ್ನು ಬಿಡುವಂತಿಲ್ಲ. ದಡಕ್ಕೆ ತಂದು, ಪರೀಕ್ಷೆಯಾದ ತಕ್ಕಡಿಯಲ್ಲಿ ತೂಗಬೇಕು. ಕಂಡವರಿಬ್ಬರು ಸಹಿ ಹಾಕಬೇಕು.

"ಹಾಗಾದರೆ ಕೊಲ್ಲುತ್ತೀರಿ," ಎಂದೆ.

"ಒಂದನ್ನು. ಆ ಒಂದನ್ನು ಮಾತ್ರ." ಮುಂದುವರಿಸಿದರು: "ಒಂದು ಸಹಿ ಎಜ್ರಾ ಅವರದು. ಇನ್ನೊಂದು ನಿಮ್ಮದು. ತೂಕದ ಅಧಿಕಾರಿಯ ಸಹಿಯನ್ನು ಸಂಘದಲ್ಲಿ ಯಾರೂ ಅಲ್ಲಗಳೆಯಲಾರರು."

ಐದು ತಿಂಗಳ ಕೋಣೆ, ಬಿಸಿನೀರು, ನನಗೆಂದು ತಂದಿಟ್ಟ ಕಡಲೆಬೀಜ, ಎಲ್ಲಕ್ಕೂ ಈಗ ಕಾರಣ ಸಿಕ್ಕಿತೆಂದುಕೊಂಡೆ. ಈ ಸಹಿಗಾಗಿಯೇ ನನ್ನನ್ನು ಸಾಕಿದ್ದಾರೆ. ಹಾಗೆಂದು ಅವರಿಗೆ ಹೇಳಲಿಲ್ಲ. "ನಾನು ಕಂಡದ್ದಕ್ಕೆ ಮಾತ್ರ ಸಹಿ ಹಾಕುತ್ತೇನೆ. ತಕ್ಕಡಿಯನ್ನು ನಾನೇ ಪರೀಕ್ಷಿಸಬೇಕು," ಎಂದೆ.

"ಅದಕ್ಕೇ ನಿಮ್ಮನ್ನು ಕೇಳಿದ್ದು," ಎಂದರು.

ಬುಧವಾರ ಬೆಳಗ್ಗೆ: ದೋಣಿಯಲ್ಲಿ, ನೀರಿನಲ್ಲಿ

ಈಗ ಬರೆಯುವುದನ್ನು ಬಿಟ್ಟುಬಿಡಬಹುದಾಗಿದ್ದರೆ ಬಿಡುತ್ತಿದ್ದೆ.

ದೋಣಿ ಹೊರಟಿತು. ಟರ್ನರ್ ತಮ್ಮ ಸಂಘದ ನಿಯಮಗಳನ್ನು ನಿಧಾನವಾಗಿ ಹೇಳಿದರು. ಮೀನು ಗಾಳಕ್ಕೆ ಬಿದ್ದ ಗಳಿಗೆಯಿಂದ ಅದು ಕೈಗೆ ಬರುವವರೆಗೆ ಬೇರೆ ಯಾರೂ ಕೋಲು ಮುಟ್ಟಬಾರದು, ರೀಲು ಮುಟ್ಟಬಾರದು, ಹುರಿ ಮುಟ್ಟಬಾರದು. ಹುರಿ ಏನಕ್ಕಾದರೂ ಸಿಕ್ಕಿಕೊಂಡರೆ ಪಕ್ಕದಲ್ಲಿದ್ದವರು ಆ ಗಿಡವನ್ನೋ ಕಡ್ಡಿಯನ್ನೋ ಬಗ್ಗಿಸಬಹುದು, ಮುರಿಯಬಹುದು. ಹುರಿಗೆ ಕೈ ಹಚ್ಚಿದರೆ ಆ ಮೀನು ಲೆಕ್ಕಕ್ಕಿಲ್ಲ. "ನಂಜ ಅವರಿಗೂ ತಿಳಿಸಿ," ಎಂದರು.

ಆ ಹೊತ್ತಿಗೆ ನನ್ನ ಕೈಯಲ್ಲಿ ಅವರ ಸ್ಪ್ರಿಂಗ್ ತಕ್ಕಡಿ ಇತ್ತು. ನಮ್ಮ ಸರ್ಕಾರದ ಮುದ್ರೆಯಿದ್ದ ಎರಡು ಹಿತ್ತಾಳೆಯ ತೂಕದ ಕಲ್ಲುಗಳನ್ನು ತರಬೇತಿಗೆಂದು ತಂದಿದ್ದೆ. ಅವನ್ನು ಕೊಂಡಿಗೆ ನೇತುಹಾಕಿ, ಮುಳ್ಳು ಎಲ್ಲಿ ನಿಲ್ಲುತ್ತದೆಂದು ನೋಡುತ್ತಿದ್ದೆ. ದೋಣಿ ಅಲುಗುತ್ತಿತ್ತು, ಮುಳ್ಳು ಅಲುಗುತ್ತಿತ್ತು. ಇದರಲ್ಲಿ ಎಲ್ಲೋ ಕೈಚಳಕ ಇದೆ ಎಂಬ ನಂಬಿಕೆಯಿಂದ ಕಣ್ಣೆತ್ತದೆ ಗೌಡರಿಗೆ ಹೇಳಿದೆ: "ಅವರ ಕೋಲು ಮುಟ್ಟಬೇಡಿ ಅಂತಿದ್ದಾರೆ."

"ನಾನ್ಯಾಕ್ ಮುಟ್ಲಿ ಸಾ," ಎಂದರು ಗೌಡರು.

ಅಷ್ಟೇ. ತಕ್ಕಡಿಯಲ್ಲಿ ಯಾವ ದೋಷವೂ ಇರಲಿಲ್ಲ.

ಹತ್ತು ಗಂಟೆ ದಾಟಿದ ಮೇಲೆ ಆ ಬಾಲ ಮತ್ತೆ ಕಂಡಿತು. ಟರ್ನರ್ ಎಸೆದರು. ಈ ಸಲ ತಪ್ಪಲಿಲ್ಲ. ಮೀನು ಹೊರಟ ವೇಗಕ್ಕೆ ರೀಲು ಅರಚಿತು. ದಪ್ಪ ಹುರಿಯೆಲ್ಲ ಮುಗಿದು ಹಿಂದಿನ ತೆಳು ಹುರಿ ನೀರನ್ನು ಕುಯ್ಯುತ್ತ ಹೋಯಿತು. ಅಲ್ಲಿಯ ಉಪ್ಪುನೀರಿನಲ್ಲಿ ಒಂದು ಗಿಡ ಬೆಳೆಯುತ್ತದೆ. ಅದರ ಮೊಳಕೆ ಬೆರಳು ಗಾತ್ರದ ಕಡ್ಡಿಯಂತೆ ನೀರಿನಿಂದ ಎದ್ದಿರುತ್ತದೆ. ಹುರಿ ಅದಕ್ಕೆ ಸುತ್ತಿಕೊಂಡಿತು. ಕೋಲು ಬಿಲ್ಲಿನಂತೆ ಬಗ್ಗಿತು. ಟರ್ನರ್ ಬಾಯಿಂದ ಮಾತಲ್ಲದ ಒಂದು ಸದ್ದು ಬಂತು. ಆಗ ಗೌಡರು ಬಗ್ಗಿದ್ದು.

ನಾನು ಕಂಡದ್ದು ಇಷ್ಟು: ಕಡ್ಡಿ ಒಮ್ಮೆ ಬಾಗಿತು, ಮತ್ತೆ ನೆಟ್ಟಗಾಯಿತು. ನೆಟ್ಟಗಾದ ಮೇಲೂ ಗೌಡರ ಕೈ ಅಲ್ಲೇ ಇತ್ತು. ಬಿಸಿಲಿನ ಝಳದಲ್ಲಿ ಎರಡು ಬೆರಳು ಮೇಲೆದ್ದಂತೆ ಕಂಡಿತು. ಹುರಿ ಬಿಡಿಸಿಕೊಂಡಿತು.

ಕಾಲು ಗಂಟೆಯ ಮೇಲೆ ಮೀನು ಎಜ್ರಾ ಅವರ ಕೈಯಲ್ಲಿತ್ತು. ಅವರು ಅದನ್ನು ನೀರಿನೊಳಗೇ ಹಿಡಿದು, ಹಿಂದೆ ಮುಂದೆ ಆಡಿಸುತ್ತ ಉಸಿರು ಕೊಡುತ್ತಿದ್ದರು. ಅದರ ಕಿವಿರು ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಟರ್ನರ್ ಅದನ್ನು ಕೊಲ್ಲಲು ಹೇಳಲಿಲ್ಲ. ಮೊದಲು ನನ್ನ ಕಡೆ ತಿರುಗಿ ಕೇಳಿದರು: "ಯಾರ ಕೈಯೂ ತಗಲಲಿಲ್ಲವಷ್ಟೆ? ತಗಲಿದ್ದರೆ ಈಗಲೇ ಬಿಟ್ಟುಬಿಡೋಣ."

ನಾನು ಗೌಡರನ್ನು ಕೇಳಿದೆ: "ಗೌಡ್ರೆ, ಏನು ಹಿಡಿದಿರಿ?"

ಗೌಡರು ಒಮ್ಮೆ ಎಜ್ರಾ ಅವರನ್ನು ನೋಡಿದರು, ಒಮ್ಮೆ ನನ್ನನ್ನು. "ಕಡ್ಡಿ ಕಣ ಸಾ," ಎಂದರು. ಬಗ್ಗಿ ಬಲಗೈಯನ್ನು ನೀರಿನಲ್ಲಿ ಅದ್ದಿಕೊಂಡಿದ್ದರು.

ನಾನು ನಂಬಲಿಲ್ಲ. ನಂಬಲಿಲ್ಲವೆಂದು ಹೇಳುವುದಕ್ಕೆ ಆಧಾರವೂ ಇರಲಿಲ್ಲ. ಇಪ್ಪತ್ತು ವರ್ಷದ ಕೆಲಸದಲ್ಲಿ, ಕೈಗೆ ಗುರುತು ಸಿಗುವವರೆಗೆ ಬಾಯಿ ಬಿಡಬಾರದೆಂದು ಕಲಿತಿದ್ದೆ. "ಕಡ್ಡಿ ಬಗ್ಗಿಸಿದ್ದಾಗಿ ಹೇಳುತ್ತಾರೆ," ಎಂದೆ.

"ನೀವು ಕಂಡದ್ದು?"

"ಬಿಸಿಲು ನನ್ನ ಕಣ್ಣಿಗಿತ್ತು."

ಎರಡು ಮಾತೂ ನಿಜ. ಎರಡರಲ್ಲೂ ಹಿಡಿಯುವುದಕ್ಕೆ ತಪ್ಪಿಲ್ಲ. ಟರ್ನರ್ ತಲೆಯಾಡಿಸಿದರು. ಎಜ್ರಾ ಇನ್ನೂ ಒಂದು ಗಳಿಗೆ ನನ್ನನ್ನೇ ನೋಡುತ್ತಿದ್ದರು. ಆಮೇಲೆ ದೋಣಿಯಿಂದ ಒಂದು ಮೋಟು ಮರದ ತುಂಡು ತೆಗೆದುಕೊಂಡರು. ನಾನು ಮುಖ ತಿರುಗಿಸಿದೆ. ಎರಡು ಏಟು ಕೇಳಿಸಿತು.

ಬುಧವಾರ ಐದು ಗಂಟೆ: ಊಟದ ಮನೆ

ದಡದಲ್ಲಿ ತೂಗಿದೆವು. ತೂಗುವ ಮೊದಲು ನಾನು ಮಾಡಿದ್ದನ್ನೂ ಬರೆಯಬೇಕು. ಹೊಟ್ಟೆಯಲ್ಲಿ ಸೀಸದ ಗುಂಡು ತುರುಕಿರಬಹುದೆಂದು, ಬಾಯಿ ಅಗಲಿಸಿ ತೋರಿಸುವಂತೆ ಎಜ್ರಾ ಅವರನ್ನು ಕೇಳಿದೆ. ಅವರು ತೋರಿಸಿದರು. "ಹದಿನೆಂಟು ವರ್ಷದಲ್ಲಿ ನನ್ನನ್ನು ಯಾರೂ ಇದನ್ನು ಕೇಳಿರಲಿಲ್ಲ," ಎಂದಷ್ಟೇ ಹೇಳಿದರು. ತೂಕ ಪುಸ್ತಕದಲ್ಲಿದ್ದುದಕ್ಕಿಂತ ಅರ್ಧ ಪೌಂಡು ಹೆಚ್ಚಿತ್ತು. ಟರ್ನರ್ ಕಾಗದ ಬರೆದು, ಸಹಿಯ ಜಾಗ ಬಿಟ್ಟು, ಊಟ ಮುಗಿಸಿ ಬನ್ನಿ ಎಂದು ಜಗಲಿಗೆ ಹೋದರು.

ಊಟದ ಮನೆಯಲ್ಲಿ ನಾನೂ ಗೌಡರೂ ಇಬ್ಬರೇ. ಅನ್ನ, ತೊಗರಿಕಾಳು, ಪಕ್ಕದಲ್ಲಿ ನಿಂಬೆಹೋಳು, ಅಲ್ಲಿಯ ಕೆಂಡದಂಥ ಮೆಣಸಿನಕಾಯಿ. ಗೌಡರು ಎಡಗೈಯಿಂದ ಫೋರ್ಕು ಎತ್ತಿಕೊಂಡರು.

ನಾನು ಉಣ್ಣುವುದನ್ನು ನಿಲ್ಲಿಸಿದೆ. "ಗೌಡ್ರೆ, ಇದು ಯಾವಾಗಿನಿಂದ?"

"ಕಲ್ತ್ಕತೀನಿ ಬುಡಿ ಸಾ. ಊರಿಗೋಗಿ ತೋರುಸ್ಬೇಕಲ್ಲ."

"ಬಲಗೈ ತೋರಿಸಿ."

"ಕೈಯಲ್ಲೇನದೆ ಸಾ?"

"ತೋರಿಸಿ ಅಂದೆ."

ಅವರು ಮೇಜಿನ ಮೇಲೆ ಅಂಗೈ ತೆರೆದಿಟ್ಟರು. ತೋರುಬೆರಳಿಗೂ ನಡುಬೆರಳಿಗೂ ಅಡ್ಡಲಾಗಿ, ಅಳತೆಪಟ್ಟಿ ಇಟ್ಟು ಎಳೆದಂತೆ ಒಂದೇ ನೇರದ ಕೆಂಪು ಗೆರೆ. ನೂಲಿನಷ್ಟು ಅಗಲ, ಆಳ ಹೆಚ್ಚು. ಉಪ್ಪುನೀರಿಗೆ ಬಾತಿತ್ತು.

"ಕಡ್ಡಿ ತರುಚ್ತು."

"ಕಡ್ಡಿ ತರಚಿದರೆ ಹೀಗಾಗೋದಿಲ್ಲ ಗೌಡ್ರೆ. ಹುರಿ ಮುಟ್ಟಿದಿರಿ."

ಗೌಡರು ಅಂಗೈ ಮುಚ್ಚಿಕೊಂಡರು. "ಮುಟ್ದೆ. ಮೊದ್ಲು ಕಡ್ಡೀನೇ ಬಗ್ಗುಸ್ದೆ, ಬರ್ನಿಲ್ಲ. ಆ ಮುದ್ಕಪ್ಪನ ಕೈ ನೋಡುದ್ರಾ, ಎಂಗ್ ನಡುಗ್ತಿತ್ತು? ಎದುರ್ಗೇ ನಿಂತಿರೋನು ಬುಡುಸ್ದೆ ಇರಕಾಯ್ತದಾ? ಎಲ್ಡ್ ಬೆಳ್ಳಲ್ಲಿ ಎತ್ತಿ ಬುಟ್ಟೆ. ಮೀನು ಎಳೀತು, ಕುಯ್ತು."

"ಮತ್ತೆ ಕೇಳಿದಾಗ ಕಡ್ಡಿ ಅಂದಿರಿ. ನನ್ನ ಬಾಯಲ್ಲಿ ಸುಳ್ಳು ಹೇಳಿಸಿದಿರಿ. ನೀವು ಇಂಥವರು ಅಂತ ನಾನು ತಿಳಿದಿರಲಿಲ್ಲ."

"ಸ್ವಲ್ಪ ತಡ್ಕಳಿ ಸಾ." ಗೌಡರು ಫೋರ್ಕನ್ನು ಕೆಳಗಿಟ್ಟರು. "ನಾನು ದಾರ ಎತ್ತಿದ್ಮ್ಯಾಕೆ ಎಜ್ರಾ ನನ್ ಕಡೆ ನೋಡ್ಬುಟ್ಟು ಕೈ ಅಲ್ಲಾಡುಸ್ದ, ಮುಟ್ಬಾರ್ದು ಅಂತ. ಅವಾಗ್ಲೇ ನಂಗೆ ಗೊತ್ತಾಗಿದ್ದು. ಬೆಳಿಗ್ಗೆ ದೋಣೀಲಿ ಯಜಮಾನ್ರು ಅಷ್ಟುದ್ದ ಏಳುದ್ರು. ನೀವು ನಂಗೆ ಏಳಿದ್ದು ಒಂದೇ ಮಾತು, ಕೋಲ್ ಮುಟ್ಬೇಡಿ ಅಂತ. ದಾರದ್ ಮಾತು ನೀವು ಏಳ್ನೇ ಇಲ್ಲ. ಈಗ ನಾನು ಮುಟ್ದೆ ಅಂದ್ರೆ, ನಂಗ್ಯಾರೂ ಏಳ್ನಿಲ್ಲ ಅಂತ್ಲೂ ಅನ್ಬೇಕಾಯ್ತದೆ. ಪರದೇಸದೋರ ಮುಂದೆ ನಿಮ್ ಮರ್ವಾದೆ ಓಯ್ತದೆ ಅಂತ ಸುಮ್ಕಾದೆ ಕಣ ಸಾ. ನನ್ದೇನ್ ಓಗೋದದೆ?"

ನಾನು ತಟ್ಟೆಯನ್ನು ಅಲ್ಲೇ ಬಿಟ್ಟು ಎದ್ದೆ.

"ಓಗ್ಬೇಡಿ ಸಾ," ಎಂದರು ಗೌಡರು. "ಮೀನು ಎಂಗೂ ಸತ್ತೋಗದೆ. ಮುದ್ಕಪ್ಪಂಗೂ ಕುಸಿಯಾಗದೆ. ಸೈನ್ ಆಕ್ಬುಟ್ಟು ಬನ್ನಿ."

ಅವರ ಮಾತಿನಲ್ಲಿ ತಪ್ಪು ಹುಡುಕಲು ಬಾಗಿಲವರೆಗೆ ಹೋಗುವಷ್ಟರಲ್ಲಿ ಪ್ರಯತ್ನಪಟ್ಟೆ. ಸತ್ತದ್ದು ಸತ್ತಿತ್ತು. ನನ್ನ ಸಹಿಯಿಂದ ಅದಕ್ಕೊಂದು ಕಾರಣವಾದರೂ ಸಿಗುತ್ತಿತ್ತು. ಸಹಿ ಹಾಕದಿದ್ದರೆ ಅದು ಏತಕ್ಕೂ ಅಲ್ಲದೆ ಸತ್ತಂತೆ.

ಜಗಲಿಯಲ್ಲಿ ಟರ್ನರ್ ರೀಲನ್ನು ಸಿಹಿನೀರಿನಲ್ಲಿ ತೊಳೆದು ಒರೆಸುತ್ತಿದ್ದರು. ಎಜ್ರಾ ಮೆಟ್ಟಿಲ ಮೇಲೆ ಕೂತಿದ್ದರು. ನಾನು ನಿಂತುಕೊಂಡೇ ಹೇಳಿದೆ. ನಿಯಮವನ್ನು ನಾನು ಗೌಡರಿಗೆ ಪೂರ್ತಿ ತಿಳಿಸಲಿಲ್ಲ. ಅವರು ತಿಳಿಯದೆ ಹುರಿ ಮುಟ್ಟಿದರು. ಅವರ ಬೆರಳಿನಲ್ಲಿ ಗಾಯವಿದೆ. ನಾನು ಸಹಿ ಹಾಕಲಾರೆ.

ಟರ್ನರ್ ರೀಲನ್ನು ಕೆಳಗಿಟ್ಟರು.

"ನೀರಿನಲ್ಲಿ ನಾನು ಕೇಳಿದಾಗ ನಿಮಗೆ ಗೊತ್ತಿತ್ತೇ?"

"ಗೊತ್ತಿರಲಿಲ್ಲ. ಅನುಮಾನ ಇತ್ತು."

"ಅನುಮಾನ ಇದೆ ಎಂದಿದ್ದರೂ ಸಾಕಿತ್ತು," ಎಂದರು. "ಬಿಟ್ಟುಬಿಡುತ್ತಿದ್ದೆ."

ಕೋಪದಿಂದ ಹೇಳಲಿಲ್ಲ. ಮೇಜಿನ ಮೇಲಿದ್ದ ಕಾಗದವನ್ನು ನಾಲ್ಕಾಗಿ ಮಡಿಸಿ ಜೇಬಿಗಿಟ್ಟುಕೊಂಡರು. ಸಂತೆಯಲ್ಲಿ, ಮಂಡಿಯಲ್ಲಿ, ನನ್ನ ಮನೆಯ ಬಾಗಿಲಲ್ಲಿ, ಆ ವಿಧವೆಯ ಅಡುಗೆಮನೆಯಲ್ಲಿ ಕಾರಣವಿಲ್ಲದೆ ಅನುಮಾನಪಟ್ಟು ಬಾಯಿಬಿಟ್ಟು ಕೇಳಿದ್ದೆ. ಕಿವಿರು ತೆರೆದು ಮುಚ್ಚುತ್ತಿದ್ದ ಜೀವದ ಮುಂದೆ ಮಾತ್ರ ಬಾಯಿ ಮುಚ್ಚಿಕೊಂಡಿದ್ದೆ.

ಎಜ್ರಾ ಮೆಟ್ಟಿಲಿಂದ ಎದ್ದು ಹೇಳಿದರು: "ನಾನೂ ಕಂಡೆ. ನನ್ನನ್ನು ಕೇಳಲಿಲ್ಲ. ನಿಮ್ಮನ್ನು ಕೇಳಿದರು. ನೀವು ಹೇಳುತ್ತೀರೆಂದು ಕಾದೆ."

ಗುರುವಾರ, ಮತ್ತು ಈಗ ಇರುವವರು

ಗುರುವಾರ ಟರ್ನರ್ ನೀರಿಗೆ ಇಳಿಯಲಿಲ್ಲ. ಮೀನನ್ನು ಎಜ್ರಾ ಮನೆಗೆ ಒಯ್ದರು. ಅದರಲ್ಲಿ ಮುಳ್ಳು ವಿಪರೀತ. ಅಲ್ಲಿಯವರು ತಾಳ್ಮೆಯಿಂದ ತಿನ್ನುತ್ತಾರೆ. ಗೌಡರನ್ನೂ ಕರೆದಿದ್ದರು, ಹೋಗಿ ಉಂಡು ಬಂದರು. ಎಜ್ರಾ ಅವರ ತಾಯಿ ಗೌಡರ ಬೆರಳಿಗೆ ಯಾವುದೋ ಸೊಪ್ಪು ಅರೆದು ಕಟ್ಟಿದ್ದರು. ನಾನು ಆ ದಿನ ಉಪವಾಸ ಮಾಡಿದೆ. ಅದರಿಂದ ಏನೂ ಸರಿಹೋಗಲಿಲ್ಲ.

ಹೊರಡುವ ಮುಂಚೆ ಟರ್ನರ್ ಗೌಡರ ಕೈ ಹಿಡಿದು, ಬಟ್ಟೆ ಸರಿಸಿ ಗಾಯ ನೋಡಿದರು. ನನಗೆ ಹೇಳಿದರು: "ಅವರನ್ನು ಕೇಳಿ. ಅವರ ಊರಿನಲ್ಲಿ ಇನ್ನೊಬ್ಬನ ಮೀನು ಸಿಕ್ಕಿಕೊಂಡರೆ ಹೀಗೇ ಬಿಡಿಸಿಕೊಡುತ್ತಾರೆಯೇ?"

ಈ ಸಲ ಒಂದು ಮಾತೂ ಬಿಡದೆ ಹೇಳಿದೆ.

"ಊಂ ಅನ್ನಿ," ಎಂದರು ಗೌಡರು. "ಬಲೆ ಸಿಕ್ಕಾಕ್ಕಂಡ್ರೆ ಯಾರು ಅತ್ರ ಇರ್ತಾರೋ ಅವ್ರು ಬುಡುಸ್ತಾರೆ. ಆದ್ರೆ ಬುಡುಸ್ದೋನ್ಗೂ ಒಂದ್ ಪಾಲು ಕೊಡ್ಬೇಕು ಅನ್ನಿ. ನನ್ ಪಾಲು ಆಗ್ಲೇ ಉಂಡ್ ಬಂದೆ ಅನ್ನಿ."

ಅದನ್ನೂ ಹೇಳಿದೆ. ಟರ್ನರ್ ನಕ್ಕರು. ನನಗೆ ಕೋಣೆ ಕೊಟ್ಟದ್ದು ಸಹಿಗಾಗಿ ಅಲ್ಲವೆಂಬುದು ನಾನು ಹಿಂದಿರುಗುವ ದಿನ ತಿಳಿಯಿತು. ನನಗಿಂತ ಹಿಂದೆ ಅಲ್ಲಿದ್ದ ಹನ್ನೊಂದು ಜನರ ಪಟಗಳನ್ನು ಅವರು ಒಂದು ಡ್ರಾಯರಿನಿಂದ ತೆಗೆದು ತೋರಿಸಿದರು. ಅವರಲ್ಲಿ ತೂಕದ ಇಲಾಖೆಯವರು ಯಾರೂ ಇರಲಿಲ್ಲ.

ಈಗ ಮೂರು ವರ್ಷವಾಗಿದೆ. ಟರ್ನರ್ ಹೋದ ಚಳಿಗಾಲ ತೀರಿಕೊಂಡರೆಂದು ಅವರ ಮಗಳು ಬರೆದಿದ್ದಾಳೆ. ಅವರ ಹೆಸರು ಸಂಘದ ಪುಸ್ತಕದಲ್ಲಿ ಇಲ್ಲ. ಆ ಬುಧವಾರ ಆ ಕೈಯನ್ನು ಕಂಡವರಲ್ಲಿ ಈಗ ಉಳಿದಿರುವವರು ಮೂವರು. ಒಬ್ಬರು ಎಜ್ರಾ, ಆಂಡ್ರೋಸಿನಲ್ಲಿ ಇದ್ದಾರೆ, ಈಗಲೂ ದೋಣಿ ನಡೆಸುತ್ತಾರೆಂದು ಅದೇ ಕಾಗದದಲ್ಲಿತ್ತು. ಒಬ್ಬ ನಾನು. ಮೂರನೆಯವರು ನಂಜೇಗೌಡರು, ಮಲ್ಲಿಪಟ್ಟಣದಲ್ಲಿ ಇದ್ದಾರೆ, ಆಲೂಗಡ್ಡೆ ಬೆಳೆಯುತ್ತಾರೆ. ಈ ಬರಹದಲ್ಲಿ ಯಾರಿಗಾದರೂ ಅನುಮಾನವಿದ್ದರೆ ಅವರನ್ನು ಕೇಳಬಹುದು. ಮೊದಲು ಅವರು ತಾವು ಮುಟ್ಟಿದ್ದು ಕಡ್ಡಿಯನ್ನೇ ಎನ್ನುತ್ತಾರೆ. ಪದ್ಮರಾಜಯ್ಯನವರು ತಮ್ಮ ತಪ್ಪನ್ನೂ ಸೇರಿಸಿ ಎಲ್ಲವನ್ನೂ ತಾವೇ ಬರೆದುಬಿಟ್ಟಿದ್ದಾರೆ ಎಂದು ನೀವು ಹೇಳಬೇಕು. ಆಗ ನಿಜ ಹೇಳುತ್ತಾರೆ.